ಜಾಸ್ತಿ ಜನಕ್ಕೆ ಗೊತ್ತಿಲ್ಲದ ನಿಮ್ಮ ಮೆಚ್ಚಿನ ಶಾಸಕ ಅಥವಾ ಸಂಸದ ಯಾರು? ನನ್ನ ಆಯ್ಕೆ ಎಚ್.ವಿ. ಕಾಮತ್

ಕಡಲತಡಿಯವನು:

ನೆಹರು, ಅಂಬೇಡ್ಕರ್, ಪಟೇಲ್, ವಾಜಪೇಯಿ, ದೇವರಾಜ ಅರಸು, ಇವರನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡೋಣ. ಸದನದಲ್ಲಿ ಕೂತು ಮನಸಿಟ್ಟು ಕೆಲಸ ಮಾಡಿದ, ಇವತ್ತು ಹೆಚ್ಚು ಜನ ನೆನೆಸಿಕೊಳ್ಳದ ಒಬ್ಬರನ್ನು ಆರಿಸಿ, ಯಾಕೆ ಅವರೇ ಅಂತ ಬರೆಯಿರಿ. ಯಾವ ಖಾತೆ ಸಿಕ್ಕಿತ್ತು, ಎಷ್ಟು ರಸ್ತೆ ಮಾಡಿಸಿದರು ಅನ್ನೋದು ಬೇಡ. ಸದನದೊಳಗೆ ಏನು ಮಾಡಿದರು ಅನ್ನೋದನ್ನೇ ನೋಡೋಣ.

ನನ್ನ ಆಯ್ಕೆ ಹರಿ ವಿಷ್ಣು ಕಾಮತ್.

ನಮ್ಮ ಮಂಗಳೂರಲ್ಲೇ 1907ರಲ್ಲಿ ಹುಟ್ಟಿದವರು. ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಉನ್ನತ ನಾಗರಿಕ ಸೇವೆಯ ಪರೀಕ್ಷೆ, ಪಾಸು ಮಾಡಿದ್ದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ನೌಕರಿ ಇರಲಿಲ್ಲ. 1938ರಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟು ಸುಭಾಷ್ ಚಂದ್ರ ಬೋಸರ ಜೊತೆ ಹೋದರು, ಮುಂದೆ ಬೋಸರು ಕಟ್ಟಿದ ಫಾರ್ವರ್ಡ್ ಬ್ಲಾಕ್ ಪಕ್ಷದ ಸಂಘಟನೆಯಲ್ಲಿ ಓಡಾಡಿದರು. ಸಂವಿಧಾನ ಸಭೆಗೆ ಬಂದದ್ದು ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಕಡೆಯಿಂದ. ಆಮೇಲೆ ನರ್ಮದಾ ತೀರದ ಹೋಶಂಗಾಬಾದ್‌ನಿಂದ ಒಂದನೇ, ಮೂರನೇ ಮತ್ತು ಆರನೇ ಲೋಕಸಭೆಗೆ ಆಯ್ಕೆಯಾದರು. ಹುಟ್ಟೂರು ಮಂಗಳೂರು, ಓಟು ಹಾಕಿದವರು ಹೋಶಂಗಾಬಾದಿನ ರೈತರು. ಬಹುಶಃ ಅದಕ್ಕೇ ಎರಡೂ ಕಡೆಯವರು ಇವರನ್ನು ನಮ್ಮವರು ಅಂತ ಎತ್ತಿಕೊಂಡು ಮೆರೆಸಲಿಲ್ಲ.

ನನಗೆ ಇವರು ಹಿಡಿಸಿದ್ದು 1949ರ ಆಗಸ್ಟ್ ತಿಂಗಳ ಚರ್ಚೆಗಳಿಂದ. ಆಗ ಸಂವಿಧಾನ ಸಭೆ ತುರ್ತು ಪರಿಸ್ಥಿತಿಯ ಅಧ್ಯಾಯಕ್ಕೆ ಬಂದಿತ್ತು. ಸನ್ನಿವೇಶ ನೆನಪಿಸಿಕೊಳ್ಳಿ: ವಿಭಜನೆ ಆಗಿ ಎರಡೇ ವರ್ಷ, ಗಾಂಧೀಜಿ ಹತ್ಯೆ ಆಗಿದೆ, ಕಾಶ್ಮೀರದಲ್ಲಿ ಯುದ್ಧ ನಡೆದಿದೆ, ಹೈದರಾಬಾದ್ ಕಾರ್ಯಾಚರಣೆ ಮುಗಿದಿದೆ. ಕೇಂದ್ರಕ್ಕೆ ಗಟ್ಟಿ ಅಧಿಕಾರ ಬೇಕು ಅಂತ ಬಹುತೇಕ ಎಲ್ಲರಿಗೂ ಅನ್ನಿಸುತ್ತಿದ್ದ ಹೊತ್ತು. ಆ ಹೊತ್ತಲ್ಲಿ ಕಾಮತ್ ಎದ್ದು, ಪ್ರಜಾಪ್ರಭುತ್ವ ಇರುವ ಯಾವ ದೇಶದ ಸಂವಿಧಾನದಲ್ಲೂ ಇಂಥ ಅಧ್ಯಾಯ ನನಗೆ ಸಿಗಲಿಲ್ಲ, ಇದಕ್ಕೆ ಹತ್ತಿರ ಇರುವುದು ಜರ್ಮನಿಯ ವೈಮಾರ್ ಸಂವಿಧಾನ ಮಾತ್ರ, ಅದೇ ಕಲಮುಗಳನ್ನು ಹಿಡಿದುಕೊಂಡು ಹಿಟ್ಲರ್ ಆ ಸಂವಿಧಾನವನ್ನೇ ಮುಗಿಸಿದ ಅಂತ ಹೇಳಿದರು. ಈ ಒಂದೇ ಅಧ್ಯಾಯದಿಂದ ನಾವು ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕುತ್ತಿದ್ದೇವೆ ಅಂದರು.

ಆಗಸ್ಟ್ 20ರಂದು ಬಂದ ಕಲಮು ಇನ್ನೂ ಕಟ್ಟುನಿಟ್ಟು. ಕರಡಿನಲ್ಲಿ ಅದರ ಸಂಖ್ಯೆ 280, ಈಗಿನ 359ನೇ ವಿಧಿ. ತುರ್ತು ಪರಿಸ್ಥಿತಿ ಇರುವಾಗ ರಾಷ್ಟ್ರಪತಿ ಒಂದು ಆದೇಶ ಹೊರಡಿಸಿದರೆ ಸಾಕು, ಮೂಲಭೂತ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಹಕ್ಕೇ ನಿಂತುಹೋಗುತ್ತದೆ. ಕಾಮತ್, ಸಭೆಯ ಇನ್ನೊಬ್ಬ ಸದಸ್ಯ ಹೃದಯನಾಥ್ ಕುಂಜ್ರು, ಇನ್ನೂ ಬೆರಳೆಣಿಕೆಯ ಜನ ವಿರೋಧಿಸಿದರು. ಆದರೂ ಸಭೆ ಆ ಕಲಮನ್ನು ಒಪ್ಪಿಕೊಂಡಿತು. ಕಾಮತ್ ಅಲ್ಲೇ ಎದ್ದು, ಇದು ದುಃಖದ ಮತ್ತು ನಾಚಿಕೆಯ ದಿನ, ಭಾರತದ ಜನರನ್ನು ದೇವರೇ ಕಾಪಾಡಬೇಕು ಅಂದರು.

26 ವರ್ಷ ಆದಮೇಲೆ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ.

ಇವರೇ ಯಾಕೆ ಅಂದರೆ, ಸೋಲುತ್ತೇನೆ ಅಂತ ಗೊತ್ತಿದ್ದೂ ಕಾರಣ ಸಮೇತ ದಾಖಲೆಗೆ ಹಾಕಿಸಿದರು. ಸದನದಲ್ಲಿ ಕೂತವರು ಮಾಡಲೇಬೇಕಾದ ಕೆಲಸ ಇದು, ಈಗ ಎಲ್ಲೂ ಕಾಣ್ತಾ ಇಲ್ಲ ಅಂತ ನನಗೆ ಬೇಜಾರಿದೆ.

ಘಟ್ಟದ ಮೇಲಿನವ:

ಒಳ್ಳೆ ಆಯ್ಕೆ. ನನ್ನದು ಶಾಂತವೇರಿ ಗೋಪಾಲಗೌಡರು. ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಅವರು ಮನೆಮಾತು, ಆದರೆ ಈಗಿನ ಬೆಂಗಳೂರಿನ ಹುಡುಗರನ್ನು ಕೇಳಿ ನೋಡಿ, ಹತ್ತರಲ್ಲಿ ಒಬ್ಬರು ಹೇಳಿದರೆ ಹೆಚ್ಚು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತರು, ಮರುವರ್ಷವೇ ವಿಧಾನಸಭೆಗೆ ಗೆದ್ದರು. ಜನರ ಹತ್ತಿರ ಒಂದು ಓಟು, ಒಂದು ನೋಟು ಕೇಳಿಕೊಂಡು ಚುನಾವಣೆ ಮಾಡಿದವರು. 1972ರಲ್ಲಿ ತೀರಿಕೊಂಡಾಗ 50 ವರ್ಷವೂ ತುಂಬಿರಲಿಲ್ಲ. ಗೇಣಿದಾರರಿಗೆ ಭೂಮಿ ಕೊಟ್ಟ ಕಾನೂನು ಬಂದದ್ದು ಅವರು ಹೋದಮೇಲೆ. ಅದನ್ನು ಯಾವಾಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಕಡಲತಡಿಯವನು:

ಗೋಪಾಲಗೌಡರ ಬಗ್ಗೆ ಎರಡು ಮಾತಿಲ್ಲ. ಮಲೆನಾಡಿನಲ್ಲಿ ಅವರ ಹೆಸರು ಇನ್ನೂ ಓಡಾಡುತ್ತದೆ ಅನ್ನೋದೊಂದು ಸಮಾಧಾನ. ಕಾಮತರಿಗೆ ಅಷ್ಟೂ ಸಿಗಲಿಲ್ಲ.

ಕಾನೂನು ಓದುವ ಹುಡುಗಿ:

ಸರ್, ಕಾಲೇಜಿನಲ್ಲಿ ಕಾಮತ್ ಹೆಸರು ನಮಗೆ ಬೇರೆ ದಾರಿಯಲ್ಲಿ ಬರುತ್ತದೆ. ಹರಿ ವಿಷ್ಣು ಕಾಮತ್ ವಿರುದ್ಧ ಅಹ್ಮದ್ ಇಶಾಕ್ ಪ್ರಕರಣ. ರಿಟ್ ಅಧಿಕಾರದ (ಸರ್ಕಾರಕ್ಕೆ, ಕೆಳಗಿನ ನ್ಯಾಯಮಂಡಳಿಗೆ ನೇರ ಆದೇಶ ಕೊಡುವ ಮೇಲಿನ ಕೋರ್ಟುಗಳ ಅಧಿಕಾರದ) ಪಾಠದಲ್ಲಿ ಇದನ್ನು ಬಿಟ್ಟು ಮುಂದೆ ಹೋಗೋಕೇ ಆಗಲ್ಲ. ಕಥೆ ಚೆನ್ನಾಗಿದೆ, ಹೇಳ್ತೀನಿ.

ಮೊದಲ ಸಾರ್ವತ್ರಿಕ ಚುನಾವಣೆ. ಆಗ ಮತಪತ್ರದ ಮೇಲೆ ಅಭ್ಯರ್ಥಿಗಳ ಹೆಸರೇ ಇರುತ್ತಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ, ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕಿತ್ತು. ಲೋಕಸಭೆಯ ಚೀಟಿಗೆ ಹಸಿರು ಪಟ್ಟಿ, ವಿಧಾನಸಭೆಯ ಚೀಟಿಗೆ ಕಂದು ಪಟ್ಟಿ. ಹೋಶಂಗಾಬಾದ್ ಕ್ಷೇತ್ರದ ಸೋಭಾಪುರದಲ್ಲಿ 316 ಮತ್ತು 317ನೇ ಮತಗಟ್ಟೆಗಳಲ್ಲಿ ಸಿಬ್ಬಂದಿ ಲೋಕಸಭೆಗೂ ಕಂದು ಪಟ್ಟಿಯ ಚೀಟಿ ಕೊಟ್ಟುಬಿಟ್ಟರು. ಹಾಗೆ ಬಿದ್ದ ಓಟು 443. ಅದರಲ್ಲಿ 301 ಇಶಾಕ್ ಅವರಿಗೆ, 62 ಕಾಮತರಿಗೆ, ಉಳಿದದ್ದು ಬೇರೆಯವರಿಗೆ.

ಎಣಿಸಿದಾಗ ಇಶಾಕ್ 65,201, ಕಾಮತ್ 65,027. ಕಾಮತ್ 174 ಓಟಿನಿಂದ ಸೋತರು. ಈಗ ಆ ತಪ್ಪು ಚೀಟಿಗಳನ್ನು ತೆಗೆದು ಲೆಕ್ಕ ಹಾಕಿ: 64,900 ಮತ್ತು 64,965. ಕಾಮತ್ 65 ಓಟು ಮುಂದೆ!

ಚುನಾವಣಾ ನ್ಯಾಯಮಂಡಳಿಯಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1954ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ನಿಯಮದಲ್ಲಿ ಹೇಳಿದ ಗುರುತು ಇಲ್ಲದ ಚೀಟಿಯನ್ನು ತಿರಸ್ಕರಿಸಲೇಬೇಕು ಅಂತ ಕೋರ್ಟ್ ಹೇಳಿತು. ಹಾಗಂತ ಕಾಮತರನ್ನು ಗೆದ್ದವರು ಅಂತಲೂ ಘೋಷಿಸಲಿಲ್ಲ, ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಮತ್ತೆ ಜನರ ಮುಂದೆ ಹೋಗಿ 1955ರ ಉಪಚುನಾವಣೆಯಲ್ಲಿ ಗೆದ್ದು ಒಂದನೇ ಲೋಕಸಭೆಗೆ ಬಂದರು. ಅಷ್ಟರಲ್ಲಿ ಆ ಲೋಕಸಭೆಯ ಅರ್ಧಕ್ಕಿಂತ ಹೆಚ್ಚು ಅವಧಿ ಮುಗಿದಿತ್ತು.

ಬಯಲುಸೀಮೆ ಓದುಗ:

ಎಲ್ಲ ಸರಿ, ಆದರೆ ಪೂರ್ತಿ ಚಿತ್ರ ಕೊಡಿ. ಸಂವಿಧಾನದ ಪೀಠಿಕೆ ‘ದೇವರ ಹೆಸರಿನಲ್ಲಿ’ ಅಂತ ಶುರುವಾಗಬೇಕು ಅಂತ ಹಟ ಹಿಡಿದವರು ಇದೇ ಕಾಮತ್ ಅಲ್ವಾ? ಅದು ಪಾಸಾಗಿದ್ದರೆ ನಂಬದವನ ಕೈಗೂ ನಂಬುವವನ ಸಂವಿಧಾನ ಕೊಟ್ಟಂತಾಗುತ್ತಿತ್ತು. ನನ್ನ ಪಟ್ಟಿಯಲ್ಲಿ ಇದಕ್ಕೆ ದೊಡ್ಡ ಮೈನಸ್.

ಕಡಲತಡಿಯವನು:

ಹೌದು, ಅವರೇ. 1949ರ ಅಕ್ಟೋಬರ್ 17. ಆ ತಿದ್ದುಪಡಿ ಬಿದ್ದುಹೋದದ್ದು ಒಳ್ಳೆಯದೇ ಆಯಿತು ಅಂತ ನಾನೂ ಹೇಳ್ತೀನಿ. ಆದರೆ ಆ ಚರ್ಚೆಯನ್ನೊಮ್ಮೆ ಓದಿ. ಕಾಮತ್ ದೇವರ ಹೆಸರು ತಂದರೆ, ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು ನಾವು ಕಾಮಾಖ್ಯದ ನಾಡಿನವರು, ಶಕ್ತಿಯನ್ನು ಪೂಜಿಸುವವರು, ದೇವಿಯ ಹೆಸರೂ ಇರಲಿ ಅಂದರು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ, ಇದು ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದ ಹಾಗೆ ಅಂತ ಆಕ್ಷೇಪ ಎತ್ತಿದರು. ದೇವರನ್ನು ಓಟಿಗೆ ಹಾಕಬೇಡಿ, ದಯವಿಟ್ಟು ವಾಪಸ್ ತಗೊಳ್ಳಿ ಅಂತ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಒಪ್ಪಲಿಲ್ಲ, ಕೈ ಎತ್ತಿಸಿದರು. ಪರ 41, ವಿರೋಧ 68.

ಅಧ್ಯಕ್ಷರ ಪೀಠದಲ್ಲಿದ್ದವರು ರಾಜೇಂದ್ರ ಪ್ರಸಾದ್, ಸ್ವತಃ ದೊಡ್ಡ ಆಸ್ತಿಕರು. ಸಭೆಯಲ್ಲಿ ಕೂತಿದ್ದ ಬಹುಪಾಲು ಜನ ದಿನಾ ದೇವರಿಗೆ ಕೈ ಮುಗಿಯುವವರೇ. ಅಂಥ ಸಭೆ ಇಂಥ ಪ್ರಸ್ತಾಪವನ್ನು ಕೈ ಎಣಿಸಿ ಬೀಳಿಸಿತು ಅನ್ನೋದು ನಮ್ಮ ಗಣರಾಜ್ಯದ ಬಗ್ಗೆ ದೊಡ್ಡ ಮಾತು. ಕಾಮತ್ ಹಟ ಹಿಡಿಯದಿದ್ದರೆ ಆ ಎಣಿಕೆಯೇ ನಡೆಯುತ್ತಿರಲಿಲ್ಲ, 41 ಮತ್ತು 68 ಅನ್ನುವ ಸಂಖ್ಯೆ ನಮಗೆ ಸಿಗುತ್ತಿರಲಿಲ್ಲ. ನನಗೆ ಒಪ್ಪಿಗೆ ಇಲ್ಲದ ವಿಷಯದಲ್ಲೂ ಅವರ ಮೇಲಿನ ಗೌರವ ಹೆಚ್ಚಾಗೋದು ಇದಕ್ಕೇ.

ರಾಷ್ಟ್ರಪತಿಯ ಪ್ರಮಾಣವಚನದಲ್ಲೂ ಅವರ ಕೈವಾಡ ಇದೆ. ಕರಡಿನಲ್ಲಿ ದೇವರ ಹೆಸರು ಇರಲಿಲ್ಲ. 1948ರ ಡಿಸೆಂಬರ್‌ನಲ್ಲಿ ಕಾಮತ್ ಮತ್ತು ಮಹಾವೀರ್ ತ್ಯಾಗಿ ದೇವರ ಹೆಸರು ಸೇರಿಸಬೇಕು ಅಂದರು. ಕೊನೆಗೆ ಎರಡೂ ಉಳಿದವು: ನಂಬುವವರು ದೇವರ ಹೆಸರಿನಲ್ಲಿ, ನಂಬದವರು ದೃಢೀಕರಿಸಿ. ಇದಂತೂ ಎಲ್ಲರಿಗೂ ಜಾಗ ಕೊಟ್ಟ ಪರಿಹಾರ.

ಗುಂಡ್ಲುಪೇಟೆ ಮನೆಮಗಳು:

ನನ್ನ ಓಟು ಕೆ.ಎಸ್. ನಾಗರತ್ನಮ್ಮನವರಿಗೆ. ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್, 1972ರಿಂದ 1978ರವರೆಗೆ. ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದರು, ಮೊದಲ ಸಲ 1957ರಲ್ಲಿ. ಉಳುವವನೇ ಭೂಮಿಗೆ ಒಡೆಯ ಅಂತ ಮಾಡಿದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ಮಸೂದೆ ಸದನದಲ್ಲಿ ಇದ್ದಾಗ ಪೀಠದಲ್ಲಿ ಕೂತಿದ್ದವರು ಇವರು. ಭೂಮಿ ಕಳೆದುಕೊಳ್ಳುವವರು, ಭೂಮಿ ಕೊಡಿಸಬೇಕು ಅನ್ನುವವರು ಇಬ್ಬರೂ ಇರುವ ಸದನವನ್ನು ಆ ವಿಷಯದ ಮೇಲೆ ನಡೆಸೋದು ಅಂದರೆ ಸಾಮಾನ್ಯ ಕೆಲಸ ಅಲ್ಲ. ಅರಸು ಅವರ ಹೆಸರು ಎಲ್ಲರೂ ಹೇಳ್ತಾರೆ, ಅಮ್ಮನ ಹೆಸರು ಯಾರೂ ಎತ್ತಲ್ಲ. ಮೇಲೆ ಘಟ್ಟದ ಮೇಲಿನ ಅಣ್ಣ ಗೋಪಾಲಗೌಡರು ಹೋದಮೇಲೆ ಬಂತು ಅಂದರಲ್ಲ, ಅದೇ ಕಾನೂನು ಇದು.

ಘಟ್ಟದ ಮೇಲಿನವ:

ಹೌದು ತಾಯಿ, ಅದೇ ಕಾನೂನು. ನನಗೆ ಈ ಕೊಂಡಿ ಹೊಳೆದಿರಲಿಲ್ಲ.

ಬಯಲುಸೀಮೆ ಓದುಗ:

ನನ್ನದೊಂದು ನೇರ ಪ್ರಶ್ನೆ. ತಿದ್ದುಪಡಿ ತರೋದು, ಸೋಲೋದು, ಬೇಜಾರಿನ ಮಾತು ಹೇಳಿ ಕೂತ್ಕೊಳ್ಳೋದು. ಇದರಿಂದ ಜನರಿಗೆ ಏನು ಬಂತು? ನಮ್ಮ ಊರಿನ ಹೆಂಗಸು ನೀರಿಗೆ ಎರಡು ಮೈಲಿ ನಡೆಯುವಾಗ ಅವಳ ಪ್ರತಿನಿಧಿ ವೈಮಾರ್ ಸಂವಿಧಾನ ಓದ್ತಾ ಕೂತರೆ ಆಗುತ್ತಾ? ನಾಗರತ್ನಮ್ಮ ಕೂತಿದ್ದ ಸದನ ಭೂಮಿ ಕೊಡಿಸಿತು. ಕಾಮತ್ ಏನು ಕೊಡಿಸಿದರು?

ಕಡಲತಡಿಯವನು:

ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

1949ರಲ್ಲಿ ಕಾಮತ್ ಹೆದರಿದ್ದ ಅಧ್ಯಾಯವೇ 1975ರ ಜೂನ್ 25ರ ರಾತ್ರಿ ಕೆಲಸಕ್ಕೆ ಬಂತು. ಕಾರಣ ಕೊಟ್ಟದ್ದು ‘ಆಂತರಿಕ ಗಲಭೆ’. ಮಾರನೇ ದಿನ ನಮ್ಮ ಬೆಂಗಳೂರಿನಲ್ಲೇ, ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮ್ ನಂದನ್ ಮಿಶ್ರಾ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದಾಗ ಸರ್ಕಾರ ಮುಂದೆ ಹಿಡಿದದ್ದು ಇದೇ 359ನೇ ವಿಧಿಯ ಆದೇಶವನ್ನ.

ಈಗ 1978ಕ್ಕೆ ಬನ್ನಿ. ಜನತಾ ಸರ್ಕಾರ 44ನೇ ತಿದ್ದುಪಡಿ ತಂದಿತು. ‘ಆಂತರಿಕ ಗಲಭೆ’ ಹೋಯಿತು, ಆ ಜಾಗಕ್ಕೆ ‘ಸಶಸ್ತ್ರ ಬಂಡಾಯ’ ಬಂತು. ಸಂಪುಟದ ತೀರ್ಮಾನ ಬರಹದಲ್ಲಿ ಬರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವ ಹಾಗಿಲ್ಲ. ಒಂದೇ ತಿಂಗಳಲ್ಲಿ ಎರಡೂ ಸದನಗಳ ಒಪ್ಪಿಗೆ ಬೇಕು, ಅದೂ ವಿಶೇಷ ಬಹುಮತದಿಂದ. ಎಲ್ಲಕ್ಕಿಂತ ಮುಖ್ಯ, 359ನೇ ವಿಧಿಯ ಯಾವ ಆದೇಶವೂ 20ನೇ ವಿಧಿ (ಅಪರಾಧ, ಶಿಕ್ಷೆಯ ವಿಷಯದಲ್ಲಿ ಇರುವ ರಕ್ಷಣೆ) ಮತ್ತು 21ನೇ ವಿಧಿಯನ್ನು (ಜೀವ, ಸ್ವಾತಂತ್ರ್ಯದ ಹಕ್ಕು) ಮುಟ್ಟುವ ಹಾಗಿಲ್ಲ. ಜೀವ ಮತ್ತು ಸ್ವಾತಂತ್ರ್ಯಕ್ಕಾಗಿ ಕೋರ್ಟಿಗೆ ಹೋಗುವ ಬಾಗಿಲು ಯಾವ ಕಾಲಕ್ಕೂ ಮುಚ್ಚೋದಿಲ್ಲ.

ಆ ಲೋಕಸಭೆಯಲ್ಲಿ ಹೋಶಂಗಾಬಾದಿನ ಸದಸ್ಯರು ಯಾರು? ಎಚ್.ವಿ. ಕಾಮತ್, 70 ದಾಟಿದ್ದರು. 1949ರಲ್ಲಿ ನಾಚಿಕೆಯ ದಿನ ಅಂದಿದ್ದ ಅದೇ ಕಲಮಿಗೆ ಬೇಲಿ ಬಿದ್ದಾಗ ಅವರು ಆ ಸದನದ ಸದಸ್ಯರಾಗಿದ್ದರು. ಇಷ್ಟು ಉದ್ದದ ದಾರಿಯ ಎರಡೂ ತುದಿಯಲ್ಲಿ ಇದ್ದ ಸಂಸದರು ಎಷ್ಟು ಜನ ಸಿಗ್ತಾರೆ, ಹೇಳಿ.

ನೀರಿಗೆ ನಡೆಯುವ ಹೆಂಗಸಿನ ಮಾತು ಹೇಳಿದ್ರಿ. ಅವಳ ಮಗ ನೀರು ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಕೂತು, ಪೊಲೀಸರು ಎತ್ತಿಕೊಂಡು ಹೋದರೆ, ಅವನನ್ನು ಬಿಡಿಸೋಕೆ ಆ ತಾಯಿಗೆ ಇರುವ ದಾರಿ ಕೋರ್ಟು. ಆ ದಾರಿ ತೆರೆದಿರಬೇಕು ಅಂತ ಕಾಮತ್ ಜಗಳ ಆಡಿದ್ದು. ನನಗೆ ಇದೂ ನೀರಿನಷ್ಟೇ ದೊಡ್ಡ ವಿಷಯ.

ಕಾನೂನು ಓದುವ ಹುಡುಗಿ:

ಇದಕ್ಕೆ ಒಂದು ಸೇರಿಸಲೇಬೇಕು. ಬೆಂಗಳೂರಿನ ಈ ಅರ್ಜಿಗಳೂ ಸೇರಿ ಬೇರೆ ಬೇರೆ ಹೈಕೋರ್ಟುಗಳ ಪ್ರಕರಣಗಳೆಲ್ಲ ಒಟ್ಟಾಗಿ ಸುಪ್ರೀಂ ಕೋರ್ಟಿನಲ್ಲಿ ಎಡಿಎಂ ಜಬಲ್ಪುರ ಪ್ರಕರಣ ಆಯಿತು. 359ನೇ ವಿಧಿಯ ಆದೇಶ ಇರುವಾಗ ಬಂಧನದ ವಿರುದ್ಧ ಕೋರ್ಟಿಗೆ ಹೋಗಬಹುದಾ ಅನ್ನೋದೇ ಪ್ರಶ್ನೆ. ವಾದದ ಮಧ್ಯೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳ್ತಾರೆ: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ ಪರಿಹಾರ ಇದೆಯಾ? ಈ ಆದೇಶ ಜಾರಿಯಲ್ಲಿ ಇರುವವರೆಗೆ ಇಲ್ಲ ಅನ್ನುವುದೇ ಉತ್ತರದ ತಾತ್ಪರ್ಯ. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದ ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1949ರ ಎಚ್ಚರಿಕೆ ಪುಸ್ತಕದ ಮಾತಲ್ಲ ಅಂತ ಗೊತ್ತಾಗೋದು ಇಲ್ಲಿ.

ಸೋತ ತಿದ್ದುಪಡಿಗಳ ಮಾತು ಬಂದದ್ದಕ್ಕೆ ನನ್ನ ಆಯ್ಕೆಯನ್ನೂ ಹೇಳಿಬಿಡ್ತೀನಿ: ಸಂವಿಧಾನ ಸಭೆಯ ಸದಸ್ಯ ಪ್ರೊ. ಕೆ.ಟಿ. ಶಾ. 1948ರ ನವೆಂಬರ್‌ನಲ್ಲೇ ಮೊದಲ ಕಲಮಿಗೆ ‘ಜಾತ್ಯತೀತ, ಒಕ್ಕೂಟ, ಸಮಾಜವಾದಿ’ ಅಂತ ಸೇರಿಸಿ ಅಂದರು. ಸಮಾಜ ಯಾವ ಆರ್ಥಿಕ ದಾರಿ ಹಿಡಿಯಬೇಕು ಅಂತ ಮುಂದಿನ ಜನರೇ ತೀರ್ಮಾನಿಸಲಿ ಅಂತ ಅಂಬೇಡ್ಕರ್ ಒಪ್ಪಲಿಲ್ಲ. ಅದರಲ್ಲಿ ‘ಜಾತ್ಯತೀತ’, ‘ಸಮಾಜವಾದಿ’ ಅನ್ನುವ ಎರಡು ಪದ ಪೀಠಿಕೆಗೆ ಬಂದದ್ದು 1976ರಲ್ಲಿ, ಅದೂ ತುರ್ತು ಪರಿಸ್ಥಿತಿಯ ಮಧ್ಯೆ. 1952ರಲ್ಲಿ ರಾಜೇಂದ್ರ ಪ್ರಸಾದ್ ಎದುರು ರಾಷ್ಟ್ರಪತಿ ಚುನಾವಣೆಗೆ ನಿಂತವರೂ ಇವರೇ.

ದೂರದೇಶದ ಕನ್ನಡಿಗ:

ನನ್ನದು ದಾಕ್ಷಾಯಣಿ ವೇಲಾಯುಧನ್. ಸಂವಿಧಾನ ಸಭೆಯಲ್ಲಿದ್ದ 15 ಹೆಂಗಸರಲ್ಲಿ ಒಬ್ಬರೇ ದಲಿತ ಮಹಿಳೆ. ಕೊಚ್ಚಿ ಹತ್ತಿರದ ಮುಲವುಕಾಡ್ ದ್ವೀಪದಲ್ಲಿ 1912ರಲ್ಲಿ ಹುಟ್ಟಿದವರು. ಕರಡು ಬಂದಾಗ ಇದರಲ್ಲಿ ತತ್ವವೇ ಇಲ್ಲ ಅಂತ ನೇರವಾಗಿ ಹೇಳಿದರು, ಮುಂದೆ ಅಸ್ಪೃಶ್ಯತೆ ನಿಷೇಧದ ಕಲಮು ಬಂದಾಗ ಪೂರ್ತಿ ಬೆಂಬಲಕ್ಕೆ ನಿಂತರು. ಆಗ ಅವರಿಗೆ 36 ವರ್ಷ. ನನ್ನ ಮಗಳಿಗೆ ಇವರ ಬಗ್ಗೆ ಹೇಳ್ತಾ ಇರ್ತೀನಿ.

ಬಯಲುಸೀಮೆ ಓದುಗ:

ಕೋರ್ಟಿನ ಮಾತು ಒಪ್ಪಿದೆ. ಆದರೂ ಕಾಮತರ ಕೈಯಿಂದ ನೇರವಾಗಿ ಬಂದದ್ದು ಒಂದಾದರೂ ಇದೆಯಾ?

ಕಡಲತಡಿಯವನು:

ಇದೆ. 1966ರಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ಆಯಿತು. ಅದರ ಸದಸ್ಯರಲ್ಲಿ ನಮ್ಮ ಕೆಂಗಲ್ ಹನುಮಂತಯ್ಯನವರೂ ಇದ್ದರು, ಕಾಮತರೂ ಇದ್ದರು. ಮೊರಾರ್ಜಿ ಉಪಪ್ರಧಾನಿ ಆದಮೇಲೆ ಹನುಮಂತಯ್ಯನವರೇ ಅಧ್ಯಕ್ಷರಾದರು. ಆ ಆಯೋಗದ ಮೊದಲ ವರದಿ ಬಂದದ್ದು 1966ರ ಅಕ್ಟೋಬರ್‌ನಲ್ಲಿ, ಜನರ ಅಹವಾಲು ಕೇಳಲು ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕು ಅಂತ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಕಾಯ್ದೆ 1984ರಲ್ಲಿ ಆಯಿತು. ಕೇಂದ್ರದಲ್ಲಿ ಲೋಕಪಾಲ ಕಾಯ್ದೆಗೆ 2013ರವರೆಗೆ ಕಾಯಬೇಕಾಯಿತು. ಖಾತೆ ಬದಲಾವಣೆಗೆ ಲಂಚ ಕೇಳಿದರು ಅಂತ ಇವತ್ತು ಯಾರಾದರೂ ಲೋಕಾಯುಕ್ತಕ್ಕೆ ಅರ್ಜಿ ಹಾಕಿದರೆ, ಆ ವ್ಯವಸ್ಥೆಯ ಮೊದಲ ನಕ್ಷೆಗೆ ಸಹಿ ಹಾಕಿದವರಲ್ಲಿ ಕಾಮತ್ ಒಬ್ಬರು.

ಬಯಲುಸೀಮೆ ಓದುಗ:

ಇದು ಗೊತ್ತಿರಲಿಲ್ಲ. ಸರಿ, ಆ ಮೈನಸ್ ತೆಗೆಯಲ್ಲ, ಪಕ್ಕದಲ್ಲಿ ಎರಡು ಪ್ಲಸ್ ಹಾಕ್ತೀನಿ. ಓದೋಕೆ ಎಲ್ಲಿಂದ ಶುರು ಮಾಡಲಿ?

ಕಡಲತಡಿಯವನು:

ಸಂವಿಧಾನ ಸಭೆಯ ನಡಾವಳಿ ಪೂರ್ತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಒಂಬತ್ತನೇ ಸಂಪುಟದಲ್ಲಿ 1949ರ ಆಗಸ್ಟ್ ಇದೆ, ಅಲ್ಲಿಂದ ಶುರು ಮಾಡಿ. ಪೀಠಿಕೆಯ ಚರ್ಚೆ ಹತ್ತನೇ ಸಂಪುಟದಲ್ಲಿದೆ. ಹನ್ನೊಂದನೆಯದರಲ್ಲಿ ನವೆಂಬರ್ 25ರ ಅಂಬೇಡ್ಕರ್ ಭಾಷಣ. ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತಿದ್ದೇವೆ ಅನ್ನುವ ಭಾಗವನ್ನು ಎಲ್ಲರೂ ಓದಿರುತ್ತಾರೆ. ಅದಕ್ಕಿಂತ ಮುಂಚಿನ ಭಾಗ ಓದಿ. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಈ ಸಭೆ ಹೂಂಗುಟ್ಟುವವರ ಕೂಟ ಆಗಿಬಿಡುತ್ತಿತ್ತು, ಪುಣ್ಯಕ್ಕೆ ಕೆಲವು ಬಂಡಾಯಗಾರರು ಇದ್ದರು ಅಂತ ಹೇಳಿ ಅಂಬೇಡ್ಕರ್ ಹೆಸರು ಓದುತ್ತಾರೆ. ಮೊದಲ ಹೆಸರೇ ಕಾಮತ್. ಆಮೇಲೆ ಪಿ.ಎಸ್. ದೇಶಮುಖ್, ಸಿಧ್ವಾ, ಪ್ರೊ. ಸಕ್ಸೇನಾ, ಠಾಕೂರ್ ದಾಸ್ ಭಾರ್ಗವ. ಜೊತೆಗೆ ಕೆ.ಟಿ. ಶಾ ಮತ್ತು ಕುಂಜ್ರು. ಅವರ ಸಲಹೆಗಳನ್ನು ನಾನು ಒಪ್ಪಲಿಲ್ಲ ಅಂದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆ ಆಗೋದಿಲ್ಲ, ಅವರು ಇಲ್ಲದಿದ್ದರೆ ಸಂವಿಧಾನದ ಹಿಂದಿನ ತತ್ವಗಳನ್ನು ವಿವರಿಸುವ ಅವಕಾಶ ನನಗೆ ಸಿಗುತ್ತಿರಲಿಲ್ಲ ಅಂತಾರೆ.

ಆ ಪಟ್ಟಿಯಲ್ಲಿ ಕಾಮತ್ ಬಗ್ಗೆ ನಾನು ಬರೆದೆ, ಶಾ ಬಗ್ಗೆ ನಮ್ಮ ಕಾನೂನಿನ ಹುಡುಗಿ ಬರೆದಳು. ಇನ್ನೂ ಐದು ಹೆಸರು ಬಾಕಿ ಇವೆ. ಕುಂಜ್ರು ಬಗ್ಗೆ ಓದಿಕೊಂಡವರು ಇಲ್ಲಿ ಯಾರಾದರೂ ಇದ್ದರೆ ಮುಂದಿನದು ನೀವು ಬರೆಯಿರಿ.